ಕರಡು ನಿಯಮ ಮತ್ತು ಜನರ ಮಾತು: ಸಾರ್ವಜನಿಕ ವಿಚಾರಣೆ ಎಂಬ ಬಗೆಹರಿಯದ ಪ್ರಶ್ನೆ

ಬೆಂಗಳೂರಿನ ಕಂಟೋನ್ಮೆಂಟ್ ರೈಲು ನಿಲ್ದಾಣಕ್ಕೆ ಹತ್ತಿರದ ವಸಂತನಗರದಲ್ಲಿ, ಹಳೆಯ ಮಿಲ್ಲರ್ಸ್ ಕೆರೆಯ ಅಂಗಳದಲ್ಲಿ, ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಕಚೇರಿ ಇದೆ. ನಗರದ ವಿದ್ಯುತ್ ವಿತರಣಾ ಕಂಪನಿ ಬೆಸ್ಕಾಂ ದರ ಪರಿಷ್ಕರಣೆಗೆ ಅರ್ಜಿ ಹಾಕಿದ ವರ್ಷಗಳಲ್ಲಿ ಆಯೋಗವು ಬಳಕೆದಾರರ ಅಹವಾಲು ಕೇಳಲು ಕೂರುತ್ತದೆ. ಎದುರಿಗೆ ಅಧ್ಯಕ್ಷರು ಮತ್ತು ಇಬ್ಬರು ಸದಸ್ಯರು. ಒಂದು ಕಡೆ ಕಡತಗಳ ಗಂಟಿನೊಂದಿಗೆ ಬೆಸ್ಕಾಂ ಅಧಿಕಾರಿಗಳು, ಇನ್ನೊಂದು ಕಡೆ ಆಕ್ಷೇಪಣೆ ಸಲ್ಲಿಸಿದವರು: ಸಣ್ಣ ಕೈಗಾರಿಕೆಗಳವರು, ಹೋಟೆಲ್ ಮಾಲೀಕರು, ಬಡಾವಣೆಗಳ ಕ್ಷೇಮಾಭಿವೃದ್ಧಿ ಸಂಘದವರು, ಪಂಪ್‌ಸೆಟ್ ಇರುವ ರೈತರು. ಹೆಸರು ಕರೆದಾಗ ಒಬ್ಬೊಬ್ಬರೇ ಎದ್ದು ಮಾತಾಡುತ್ತಾರೆ. ಒಬ್ಬರು ವಿತರಣಾ ನಷ್ಟದ ಅಂಕಿಯನ್ನು ಪ್ರಶ್ನಿಸಿದರೆ ಮತ್ತೊಬ್ಬರು ನಿಗದಿತ ಶುಲ್ಕ ಏಕೆ ಏರಬೇಕು ಎನ್ನುತ್ತಾರೆ. ತಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್ ಪದೇ ಪದೇ ಸುಡುತ್ತಿದೆ ಎಂದು ಹೇಳುವುದಕ್ಕಷ್ಟೇ ಬಂದವರೂ ಇರುತ್ತಾರೆ.

ಇಲ್ಲಿಂದ ಕೆಲವು ಕಿಲೋಮೀಟರ್ ದೂರದ ಕಲ್ಯಾಣ ನಗರದಲ್ಲಿ, ಕಮ್ಮನಹಳ್ಳಿ ಮುಖ್ಯರಸ್ತೆಯ ಅಂಗಡಿಗಳಲ್ಲಿ, ಎಚ್‌ಆರ್‌ಬಿಆರ್ ಬಡಾವಣೆಯ ಪೇಯಿಂಗ್ ಗೆಸ್ಟ್ (ಪಿ.ಜಿ.) ವಸತಿಗಳಲ್ಲಿ ವಾಸಿಸುವ ಮತ್ತು ದುಡಿಯುವ ಬಹುಪಾಲು ಜನರಿಗೆ ಇಂಥದೊಂದು ವಿಚಾರಣೆ ನಡೆಯಿತು ಎಂಬುದೇ ತಿಳಿಯುವುದಿಲ್ಲ. ಬಿಲ್ ಬಂದ ಮೇಲೆ ಬಿಸಿ ತಟ್ಟುತ್ತದೆ. 2023ರ ಮೇ 12ರಂದು ಆಯೋಗ ಯುನಿಟ್‌ಗೆ ಸರಾಸರಿ 70 ಪೈಸೆ ಏರಿಸಿ ಆದೇಶ ಹೊರಡಿಸಿತು. ಅದು ಏಪ್ರಿಲ್ 1ರಿಂದಲೇ ಅನ್ವಯವಾಯಿತು. 100 ಯುನಿಟ್ ದಾಟಿದ ಮನೆಗಳಿಗೆ ಅಷ್ಟೂ ಯುನಿಟ್‌ಗೆ 7 ರೂಪಾಯಿಯಂತೆ ಲೆಕ್ಕ ಬಿದ್ದಾಗ, ಜೂನ್ ತಿಂಗಳಲ್ಲಿ ರಾಜ್ಯದುದ್ದಕ್ಕೂ ಸಿಟ್ಟು ಸ್ಫೋಟಿಸಿತು. ಕಾನೂನಿನ ಪ್ರಕಾರ ಜನರನ್ನು ಕೇಳಿಯೇ ಆ ದರ ನಿಗದಿಯಾಗಿತ್ತು. ಆದರೆ ತಮ್ಮನ್ನು ಕೇಳಿದರು ಎಂದು ಜನರಿಗೆ ಅನ್ನಿಸಲಿಲ್ಲ.

ಶಾಸನಸಭೆ ಕಾಯ್ದೆ ಮಾಡುತ್ತದೆ, ಅದರ ಅಡಿಯಲ್ಲಿ ನಿಯಮ, ಬೈಲಾ, ದರಪಟ್ಟಿ, ನಕ್ಷೆಗಳನ್ನು ಇಲಾಖೆಗಳು ಮತ್ತು ಪ್ರಾಧಿಕಾರಗಳು ಬರೆಯುತ್ತವೆ. ನಿತ್ಯದ ಬದುಕಿಗೆ ತಾಗುವುದು ಹೆಚ್ಚಾಗಿ ಈ ಎರಡನೆಯದೇ. ಬರೆಯುವವರು ಚುನಾಯಿತರಲ್ಲ. ಹಾಗಿದ್ದರೆ ಅವರು ಯಾರನ್ನು, ಹೇಗೆ, ಎಷ್ಟರಮಟ್ಟಿಗೆ ಕೇಳಬೇಕು? ಕೇಳಿದ ಮೇಲೆ ಉತ್ತರಿಸಬೇಕೇ? ನೂರು ವರ್ಷಕ್ಕೂ ಹಳೆಯದಾದ ಈ ಜಗಳ ಬೆಂಗಳೂರಿನ ಪೂರ್ವ ಭಾಗದಲ್ಲಿ ಇಂದಿಗೂ ತಾಜಾ ಆಗಿಯೇ ಇದೆ.

ದಸರೆಯ ಸಭೆಯಿಂದ ರಾಜ್ಯಪತ್ರದ ಪುಟಕ್ಕೆ

ಕನ್ನಡ ನಾಡಿಗೆ ಇದು ಹೊರಗಿನಿಂದ ಬಂದ ಕಲ್ಪನೆ ಎಂದು ಸುಲಭವಾಗಿ ಹೇಳುವಂತಿಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆ ಹುಟ್ಟಿತು. ಮೊದಲ ಸಭೆಗೆ ಕರೆದದ್ದು 144 ಜನರನ್ನು, ದಸರಾ ಸಂದರ್ಭದಲ್ಲಿ. ಆಗ ಅದಕ್ಕೆ ಅಧಿಕಾರವೇನೂ ಇರಲಿಲ್ಲ. ದಿವಾನರು ವರದಿ ಓದುತ್ತಿದ್ದರು, ತಾಲ್ಲೂಕುಗಳಿಂದ ಬಂದವರು ಕುಂದುಕೊರತೆ ಹೇಳಿಕೊಳ್ಳುತ್ತಿದ್ದರು. 1923ರ ಸುಧಾರಣೆಯಲ್ಲಿ ಇದು ಮಹತ್ವದ ತಿರುವು ಪಡೆಯಿತು. ಸಭೆಗೆ ಶಾಸನಬದ್ಧ ಸ್ಥಾನ ಸಿಕ್ಕಿತು, ಹೊಸ ತೆರಿಗೆ ಹಾಕುವ ಮೊದಲು ಮತ್ತು ಮಸೂದೆಗಳ ಮೂಲತತ್ವಗಳನ್ನು ನಿರ್ಧರಿಸುವ ಮೊದಲು ಅದನ್ನು ಕೇಳಬೇಕು ಎಂದಾಯಿತು. ಒಪ್ಪಲೇಬೇಕೆಂದಿಲ್ಲ, ಕೇಳಲೇಬೇಕು. ಇಂದಿನ ಸಾರ್ವಜನಿಕ ವಿಚಾರಣೆಯ ಬಲವೂ ದೌರ್ಬಲ್ಯವೂ ಇದೇ.

ಆದರೆ ಶಿವಾಜಿನಗರ, ಹಲಸೂರಿನವರಿಗೆ ಈ ಬಾಗಿಲು ತೆರೆದಿರಲಿಲ್ಲ. 1881ರಲ್ಲೇ ಈ ಪ್ರದೇಶಗಳಿದ್ದ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ (ದಂಡು) ಮೈಸೂರಿನ ಆಡಳಿತದಿಂದ ಬೇರೆಯಾಗಿ ಬ್ರಿಟಿಷ್ ರೆಸಿಡೆಂಟರ ಕೈಗೆ ಹೋಗಿತ್ತು. ಅದು ಮರಳಿ ಸೇರಿದ್ದು 1947ರ ಜುಲೈನಲ್ಲಿ, ಪೇಟೆ ಮತ್ತು ದಂಡಿನ ಪುರಸಭೆಗಳು ಒಂದಾಗಿದ್ದು 1949ರಲ್ಲಿ. ಒಂದೇ ಊರಿನ ಎರಡು ಭಾಗಗಳಲ್ಲಿ ಆಳುವವರ ಜತೆ ಮಾತಾಡುವ ರೀತಿಯೇ ಬೇರೆಯಾಗಿತ್ತು ಎಂಬುದನ್ನು ನೆನಪಿಡಬೇಕು.

ಕಾನೂನಿನ ಇನ್ನೊಂದು ಎಳೆ ಲಂಡನ್ನಿನದು. 1893ರಲ್ಲಿ ಬ್ರಿಟನ್ ತನ್ನ ನಿಯಮ ಪ್ರಕಟಣಾ ಕಾಯ್ದೆಯಲ್ಲಿ, ಕೆಲವು ಬಗೆಯ ನಿಯಮಗಳಿಗೆ 40 ದಿನ ಮುಂಚಿತ ಸೂಚನೆ ಕೊಡಬೇಕೆಂದಿತು. ನಾಲ್ಕು ವರ್ಷದ ನಂತರ ಭಾರತದ ಸಾಮಾನ್ಯ ಖಂಡಗಳ ಕಾಯ್ದೆ, 1897 ಬಂತು. ಅದರ 23ನೇ ಸೆಕ್ಷನ್ ಇಂದಿಗೂ ಜೀವಂತ: ಮೂಲ ಕಾಯ್ದೆ ‘ಪೂರ್ವಪ್ರಕಟಣೆ’ ಬೇಕೆಂದು ಹೇಳಿದ್ದರೆ ಕರಡನ್ನು ಪ್ರಕಟಿಸಬೇಕು, ಯಾವ ದಿನದ ನಂತರ ಪರಿಶೀಲಿಸಲಾಗುತ್ತದೆ ಎಂದು ತಿಳಿಸಬೇಕು, ಬಂದ ಆಕ್ಷೇಪಣೆಗಳನ್ನು ಪರಿಗಣಿಸಬೇಕು. ಜತೆಗೇ ಒಂದು ತೊಡಕು ಇದೆ. ಅಂತಿಮ ನಿಯಮ ರಾಜ್ಯಪತ್ರದಲ್ಲಿ ಬಂದರೆ ಅದು ಸರಿಯಾಗಿ ರಚಿತವಾಯಿತು ಎಂಬುದಕ್ಕೆ ಆ ಪ್ರಕಟಣೆಯೇ ನಿರ್ಣಾಯಕ ಸಾಕ್ಷ್ಯ. ಅಂದರೆ ಕೇಳಬೇಕೆಂದ ಕಾನೂನೇ, ಕೇಳಿದರೋ ಇಲ್ಲವೋ ಎಂದು ಆಮೇಲೆ ಕೆದಕಲು ಕಷ್ಟವಾಗುವಂತೆ ಮಾಡಿಟ್ಟಿದೆ.

1946ರಲ್ಲಿ ದಾರಿಗಳು ಕವಲೊಡೆದವು. ಬ್ರಿಟನ್ ತನ್ನ 1893ರ ಕಾಯ್ದೆಯನ್ನು ರದ್ದುಮಾಡಿತು. ಅದೇ ವರ್ಷ ಅಮೆರಿಕ ಆಡಳಿತ ವಿಧಾನ ಕಾಯ್ದೆ ತಂದು, ಎಲ್ಲ ಸಂಸ್ಥೆಗಳೂ ಕರಡು ಪ್ರಕಟಿಸಿ ಅಭಿಪ್ರಾಯ ಪಡೆಯುವುದನ್ನು ಸಾಮಾನ್ಯ ಕ್ರಮವಾಗಿಸಿತು. ಭಾರತ ಇವೆರಡರ ನಡುವೆ ಉಳಿಯಿತು. ಎಲ್ಲಕ್ಕೂ ಅನ್ವಯಿಸುವ ಒಂದು ಕಾನೂನಿಲ್ಲ. ವಿದ್ಯುತ್ತಿಗೆ ಒಂದು ವಿಧಾನ, ಪರಿಸರಕ್ಕೆ ಇನ್ನೊಂದು, ನಗರ ಯೋಜನೆಗೆ ಮತ್ತೊಂದು. 2014ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಶಾಸನಪೂರ್ವ ಸಮಾಲೋಚನೆಯ ನೀತಿ ತಂದು, ಕರಡು 30 ದಿನವಾದರೂ ಜನರ ಮುಂದಿರಬೇಕು ಎಂದಿತು. ಅದು ನೀತಿಯಷ್ಟೇ, ಕಾಯ್ದೆಯಲ್ಲ. ಕರ್ನಾಟಕದಲ್ಲಿ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಮಾಸ್ಟರ್ ಪ್ಲಾನ್‌ಗೆ ಆಕ್ಷೇಪಣೆ ಕರೆಯಬೇಕು ಎನ್ನುತ್ತದೆ. 1976ರ ಮರ ಸಂರಕ್ಷಣಾ ಕಾಯ್ದೆಯು, ತಿದ್ದುಪಡಿಯ ನಂತರ, 50ಕ್ಕಿಂತ ಹೆಚ್ಚು ಮರ ಕಡಿಯುವುದಾದರೆ ಜನರ ಆಕ್ಷೇಪಣೆ ಕೇಳಬೇಕು ಎನ್ನುತ್ತದೆ.

ನ್ಯಾಯದ ದೃಷ್ಟಿ: ಕೇಳುವುದು ಹಕ್ಕೋ, ಸೌಜನ್ಯವೋ

ಮೊದಲ ವಾದ ವಕೀಲರದು. ಒಬ್ಬನ ಮನೆ ಕೆಡಹುವ ಮೊದಲು ಅವನ ಮಾತು ಕೇಳಬೇಕು, ಇದು ಸಹಜ ನ್ಯಾಯ. ಆದರೆ ಲಕ್ಷಾಂತರ ಜನರಿಗೆ ಒಟ್ಟಾಗಿ ಅನ್ವಯಿಸುವ ನಿಯಮ ಮಾಡುವಾಗಲೂ ಕೇಳಬೇಕೇ? ಸುಪ್ರೀಂ ಕೋರ್ಟ್‌ನ ಹಳೆಯ ಉತ್ತರ, ‘ಬೇಕಿಲ್ಲ.’ 1980ರ ತುಳಸೀಪುರ ಸಕ್ಕರೆ ಕಂಪನಿ ಪ್ರಕರಣದಲ್ಲಿ, 1987ರ ಸೈನಮೈಡ್ ಪ್ರಕರಣದಲ್ಲಿ ನ್ಯಾಯಾಲಯ ಇದೇ ಹಾದಿ ಹಿಡಿಯಿತು. ಎರಡನೆಯದರಲ್ಲಿ, ಔಷಧಿಗಳ ಬೆಲೆ ನಿಗದಿ ಶಾಸನದ ಸ್ವರೂಪದ ಕೆಲಸ, ಕಾಯ್ದೆಯೇ ಹೇಳದಿದ್ದರೆ ವಿಚಾರಣೆಯ ಹಕ್ಕು ತಾನಾಗಿ ಬರುವುದಿಲ್ಲ ಎಂದಿತು.

ಕಾಯ್ದೆಯೇ ಹೇಳಿದ್ದರೆ? ಆಗ ನ್ಯಾಯಾಲಯದ ದನಿ ಬದಲಾಗುತ್ತದೆ. 2002ರಲ್ಲಿ ಪಶ್ಚಿಮ ಬಂಗಾಳದ ವಿದ್ಯುತ್ ಆಯೋಗ ಮತ್ತು ವಿತರಣಾ ಕಂಪನಿ ಸಿಇಎಸ್‌ಸಿ ನಡುವಿನ ಪ್ರಕರಣದಲ್ಲಿ, ಬಳಕೆದಾರರನ್ನು ಕೇಳುವುದು ಆಗಿನ ಕಾಯ್ದೆ ಕೊಟ್ಟ ಹಕ್ಕು, ಸಂಖ್ಯೆ ದೊಡ್ಡದೆಂಬ ಕಾರಣಕ್ಕೆ ಅದನ್ನು ಕಿತ್ತುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಎಲ್ಲರೂ ಒಂದೇ ಮಾತು ಪುನರುಚ್ಚರಿಸದಂತೆ ವಿಚಾರಣೆಯನ್ನು ಹದದಲ್ಲಿಡುವ ಅಧಿಕಾರ ಮಾತ್ರ ಆಯೋಗಕ್ಕಿದೆ.

2016ರ ತೀರ್ಪು ಇನ್ನೂ ಮುಂದೆ ಹೋಯಿತು. ಕರೆ ಕಡಿತಕ್ಕೆ ಒಂದು ರೂಪಾಯಿ ಪರಿಹಾರ ಕೊಡಬೇಕೆಂಬ, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮವನ್ನು ನ್ಯಾಯಮೂರ್ತಿ ರೋಹಿಂಟನ್ ನಾರಿಮನ್ ಅವರಿದ್ದ ಪೀಠ ರದ್ದುಮಾಡಿತು. ಆ ನಿಯಮ ಗ್ರಾಹಕರ ಪರವಾಗಿತ್ತು ಎಂಬುದನ್ನು ಗಮನಿಸಬೇಕು. ಪಾರದರ್ಶಕತೆ ಎಂದರೆ ಅಭಿಪ್ರಾಯ ಕರೆಯುವುದಷ್ಟೇ ಅಲ್ಲ, ಬಂದ ವಾದಗಳಿಗೆ ಕಾರಣ ಸಹಿತ ಪ್ರತಿಕ್ರಿಯಿಸುವುದೂ ಹೌದು ಎಂದ ಪೀಠ, ಅಮೆರಿಕದ ಮಾದರಿಯ ಒಂದು ಕಾನೂನನ್ನು ಪರಿಶೀಲಿಸುವಂತೆ ಸಂಸತ್ತಿಗೆ ಸಲಹೆಯನ್ನೂ ಕೊಟ್ಟಿತು. ಅಂಥ ಕಾನೂನು ಬಂದಿಲ್ಲ.

ನ್ಯಾಯದ ದೃಷ್ಟಿ ವಿವರಿಸಲಾರದ ಒಂದು ಸಂಗತಿ ಇದೆ. ನಿಯಮವನ್ನು ನಿಯಮ ಎಂದು ಕರೆಯದೆ ಸುತ್ತೋಲೆಯಾಗಿ ಹೊರಡಿಸಿದರೆ ಪೂರ್ವಪ್ರಕಟಣೆಯ ಪ್ರಶ್ನೆಯೇ ಏಳುವುದಿಲ್ಲ. 2024ರ ಆಗಸ್ಟ್‌ನಲ್ಲಿ ಮಹಾನಗರ ಪಾಲಿಕೆ ಬಿಬಿಎಂಪಿ ಪಿ.ಜಿ.ಗಳಿಗೆ ಮಾರ್ಗಸೂಚಿ ತಂದಿತು: ಒಬ್ಬರಿಗೆ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಸಿಸಿಟಿವಿ, ಅಗ್ನಿ ಸುರಕ್ಷತೆ. ಉದ್ದೇಶ ಒಳ್ಳೆಯದೇ. ಆದರೆ ಕಲ್ಯಾಣ ನಗರ, ಕಮ್ಮನಹಳ್ಳಿಯ ಪಿ.ಜಿ. ಕೋಣೆಗಳಲ್ಲಿ ನಾಲ್ವರು ಹಂಚಿಕೊಂಡು ಇರುವುದು ಬಾಡಿಗೆ ಕೈಗೆಟಕಲಿ ಎಂದೇ. ಜಾಗದ ಅಳತೆ ಹೆಚ್ಚಿದರೆ ಬಾಡಿಗೆ ಎಷ್ಟು ಏರುತ್ತದೆ ಎಂಬ ಪ್ರಶ್ನೆಯನ್ನು ಆ ಹಾಸಿಗೆಯಲ್ಲಿ ಮಲಗುವವರೇ ಎತ್ತಬೇಕಿತ್ತು. ಸುತ್ತೋಲೆಯ ದಾರಿಯಲ್ಲಿ ಅವರಿಗೆಂದು ಒಂದು ನಿಲ್ದಾಣವಿರಲಿಲ್ಲ.

ಅರಿವಿನ ದೃಷ್ಟಿ: ಕಚೇರಿಗೆ ತಿಳಿಯದ್ದು ಬೀದಿಗೆ ತಿಳಿದಿರುತ್ತದೆ

ಎರಡನೆಯ ವಾದಕ್ಕೆ ಹಕ್ಕಿನ ಗೊಡವೆ ಕಡಿಮೆ, ಉಪಯೋಗದ ಮೇಲೆ ಕಣ್ಣು ಹೆಚ್ಚು. ಕರಡು ಬರೆಯುವವರ ಮೇಜಿನ ಮೇಲೆ ಅಂಕಿ ಅಂಶ ಇರುತ್ತದೆ, ಊರಿನ ವಿವರ ಇರುವುದಿಲ್ಲ. ನಕ್ಷೆಯಲ್ಲಿ ಹಸಿರು ಬಣ್ಣ ಬಳಿದ ಜಾಗದಲ್ಲಿ ಆಗಲೇ ಮನೆಗಳಿವೆ, ನೀಲಿ ಗೆರೆ ಎಳೆದಲ್ಲಿ ರಾಜಕಾಲುವೆ ಹಾದಿ ಬದಲಿಸಿದೆ ಎಂದು ಹೇಳಬಲ್ಲವರು ಅಲ್ಲಿನವರೇ.

ಬೆಂಗಳೂರಿನ ಪರಿಷ್ಕೃತ ಮಾಸ್ಟರ್ ಪ್ಲಾನ್ 2031 ಇದಕ್ಕೆ ದೊಡ್ಡ ಉದಾಹರಣೆ. 2017ರ ನವೆಂಬರ್‌ನಲ್ಲಿ ಕರಡು ಹೊರಬಂತು, ಆಕ್ಷೇಪಣೆಗೆ 60 ದಿನ ಕೊಟ್ಟರು, 13,000ಕ್ಕೂ ಹೆಚ್ಚು ಬಂದವು. ಒಂದೊಂದೂ ಒಂದು ಬೀದಿಯ, ಒಂದು ಸರ್ವೆ ನಂಬರಿನ, ಒಂದು ಕೆರೆ ಏರಿಯ ಕಥೆ. ಅಷ್ಟು ಕೇಳಿದ ಮೇಲೆ ಏನಾಯಿತು? 2020ರಲ್ಲಿ ಸರ್ಕಾರ ಕರಡನ್ನೇ ಹಿಂತೆಗೆದುಕೊಂಡಿತು. ನಗರ 2007ರಲ್ಲಿ ಒಪ್ಪಿಗೆ ಪಡೆದ, 2015ರವರೆಗಿನ ಗುರಿ ಇಟ್ಟುಕೊಂಡಿದ್ದ ಹಳೆಯ ಯೋಜನೆಯಲ್ಲೇ ಮುಂದುವರಿಯಿತು. ಮನೆಗಳ ನಡುವೆ ಪಬ್ ಮತ್ತು ಅಂಗಡಿಗಳಿಗೆ ಅವಕಾಶ ಕೊಟ್ಟ ಆ ಯೋಜನೆಯ ವಿರುದ್ಧ ಇಂದಿರಾನಗರ, ಕೋರಮಂಗಲದ ನಿವಾಸಿಗಳು ಹೈಕೋರ್ಟ್‌ವರೆಗೂ ಹೋರಾಡಿದ್ದರು. ಜನ ಬರೆದು ಕೊಟ್ಟ ಆ 13,000 ಪತ್ರಗಳ ಅರಿವು ಯಾವ ನಿಯಮದಲ್ಲೂ ಇಳಿಯಲಿಲ್ಲ. ಒಂದು ಊರು ತನ್ನ ಬಗ್ಗೆ ತಾನೇ ಬರೆದುಕೊಂಡ ಅಷ್ಟು ದೊಡ್ಡ ದಾಖಲೆ ಹೀಗೆ ವ್ಯರ್ಥವಾದದ್ದು ನೋವಿನ ಸಂಗತಿ.

ಅವಧಿಯೂ ಅರಿವಿನ ಶತ್ರುವಾಗಬಹುದು. 2022ರಲ್ಲಿ ಬಿಬಿಎಂಪಿಯನ್ನು 243 ವಾರ್ಡ್‌ಗಳಾಗಿ ವಿಂಗಡಿಸುವ ಕರಡು ಜೂನ್ 23ರಂದು ಬಂತು, ಆಕ್ಷೇಪಣೆಗೆ 15 ದಿನ ಸಿಕ್ಕಿತು, ಸಾವಿರಾರು ಆಕ್ಷೇಪಣೆ ಸೇರಿದವು. ಜುಲೈ 14ಕ್ಕೆ ಅಂತಿಮ ಅಧಿಸೂಚನೆ ಹೊರಬಿತ್ತು. ಸಾವಿರಾರು ಪತ್ರಗಳನ್ನು ಒಂದು ವಾರದಲ್ಲಿ ಯಾರು ಓದಿದರು, ಹೇಗೆ ತೂಗಿದರು ಎಂಬ ಅನುಮಾನ ಸಹಜವಾಗಿಯೇ ಹುಟ್ಟುತ್ತದೆ.

ಯಾರು ಬರುತ್ತಾರೆ, ಯಾರು ಬರುವುದಿಲ್ಲ

ಮೂರನೆಯ ವಾದ ಸಮಾಜಶಾಸ್ತ್ರಜ್ಞರದು ಮತ್ತು ಅರ್ಥಶಾಸ್ತ್ರಜ್ಞರದು. ಬಾಗಿಲು ಎಲ್ಲರಿಗೂ ತೆರೆದಿದೆ ಎಂದಮಾತ್ರಕ್ಕೆ ಎಲ್ಲರೂ ಒಳಗೆ ಬರುವುದಿಲ್ಲ ಎನ್ನುತ್ತಾರೆ ಅವರು. ಅರ್ಥಶಾಸ್ತ್ರಜ್ಞ ಮ್ಯಾನ್ಸರ್ ಓಲ್ಸನ್ 1965ರಲ್ಲೇ ಇದರ ಲೆಕ್ಕ ಬಿಡಿಸಿದ್ದರು. ಕೆಲವೇ ಜನರಿಗೆ ದೊಡ್ಡ ಲಾಭ ಇರುವಲ್ಲಿ ಸಂಘಟನೆ ಸುಲಭ. ಬಹಳ ಜನರಿಗೆ ಚೂರು ಚೂರು ನಷ್ಟವಾಗುವಲ್ಲಿ ಯಾರೂ ಏಳುವುದಿಲ್ಲ. 36 ಪೈಸೆಗಾಗಿ ಒಂದು ಮನೆಯವರು ರಜೆ ಹಾಕಿ ವಸಂತನಗರಕ್ಕೆ ಬರಲಾರರು, ಒಂದು ಕಾರ್ಖಾನೆ ವಕೀಲರನ್ನು ಕಳಿಸಬಲ್ಲದು. ಅಂದಹಾಗೆ ಆ 36 ಪೈಸೆ ಕಲ್ಪಿತ ಅಂಕಿ ಅಲ್ಲ. ವಿದ್ಯುತ್ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿ ಹೊರೆಗಾಗಿ 2025ರ ಏಪ್ರಿಲ್ 1ರಿಂದ ಪ್ರತಿ ಯುನಿಟ್ ಮೇಲೆ ಬಿದ್ದ ಹೆಚ್ಚುವರಿ ಶುಲ್ಕ ಅದು.

ರಾಜ್ಯದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ ಬಂದ ಮೇಲೆ ಈ ಲೆಕ್ಕ ಇನ್ನಷ್ಟು ಬದಲಾಗಿರಬೇಕು. 200 ಯುನಿಟ್‌ವರೆಗೆ ಶೂನ್ಯ ಬಿಲ್ ಪಡೆಯುವ ಮನೆಗೆ ದರದ ಚರ್ಚೆ ತನ್ನದಲ್ಲ ಅನ್ನಿಸುವುದು ಸಹಜ. ಆದರೆ ಸಹಾಯಧನವಾಗಿ ಆ ದರವನ್ನು ಕಟ್ಟುವುದು ಅದೇ ಮನೆಯವರ ತೆರಿಗೆ ಹಣ.

ಅಮೆರಿಕದ ಬಾಸ್ಟನ್ ಸುತ್ತಮುತ್ತಲಿನ ಊರುಗಳಲ್ಲಿ ಹೊಸ ಮನೆ ಕಟ್ಟುವ ಪ್ರಸ್ತಾಪಗಳ ಮೇಲಿನ ಸಭೆಗಳ ನಡಾವಳಿಗಳನ್ನು ರಾಜ್ಯಶಾಸ್ತ್ರಜ್ಞೆ ಕ್ಯಾಥರಿನ್ ಐನ್‌ಸ್ಟೈನ್ ಮತ್ತು ಸಂಗಡಿಗರು ಜಾಲಾಡಿದರು. 2019ರ ಅವರ ಪುಸ್ತಕದ ಪ್ರಕಾರ, ಮಾತಾಡಿದವರಲ್ಲಿ ವಯಸ್ಸಾದವರು, ಸ್ವಂತ ಮನೆಯುಳ್ಳವರು, ಪ್ರಸ್ತಾಪವನ್ನು ವಿರೋಧಿಸುವವರು ಜನಸಂಖ್ಯೆಯಲ್ಲಿನ ತಮ್ಮ ಪಾಲಿಗಿಂತ ತೀರ ಹೆಚ್ಚು. ಕಲ್ಯಾಣ ನಗರದಲ್ಲಿ ಇಂಥ ಸಭೆ ಕರೆದರೆ ಚಿತ್ರ ಬೇರೆ ಇರಲಾರದು. ಸಂಘ ಇರುವುದು ನಿವೇಶನದ ಮಾಲೀಕರಿಗೆ. ಬಾಡಿಗೆ ಮನೆಯ ನರ್ಸ್, ರಾತ್ರಿ ಪಾಳಿಯ ಕಾಲ್ ಸೆಂಟರ್ ಹುಡುಗ, ಮುಖ್ಯರಸ್ತೆಯಲ್ಲಿ ಮೊಮೊ ಮಾರುವವನು ಯಾವ ಪಟ್ಟಿಯಲ್ಲೂ ಇಲ್ಲ. ಅವರು ಬರಬಲ್ಲ ಹೊತ್ತಿನಲ್ಲಿ ಸಭೆಯೂ ನಡೆಯುವುದಿಲ್ಲ.

ಬೆಂಗಳೂರನ್ನೇ ಬಲ್ಲ ನಗರ ಅಧ್ಯಯನಕಾರ ಸೊಲೊಮನ್ ಬೆಂಜಮಿನ್ ಈ ಚರ್ಚೆಗೆ ಇನ್ನೊಂದು ತಿರುವು ಕೊಟ್ಟವರು. ಬಡವರು ವಿಚಾರಣಾ ಸಭೆಗೆ ಹೋಗುವುದಿಲ್ಲ, ಕಾರ್ಪೊರೇಟರ ಮನೆಗೆ ಹೋಗುತ್ತಾರೆ, ಕೆಳಹಂತದ ನೌಕರನನ್ನು ಹಿಡಿಯುತ್ತಾರೆ, ಅಲ್ಲೇ ಅವರ ಕೆಲಸ ಆಗುತ್ತದೆ ಎಂಬುದು ಅವರ ಬರಹಗಳಿಂದ ಹೊರಡುವ ನೋಟ. ರಾಜ್ಯಶಾಸ್ತ್ರಜ್ಞ ಪಾರ್ಥ ಚಟರ್ಜಿ 2004ರಲ್ಲಿ ನಾಗರಿಕ ಸಮಾಜ ಮತ್ತು ರಾಜಕೀಯ ಸಮಾಜ ಎಂದು ಗೆರೆ ಎಳೆದು ಹೇಳಿದ್ದೂ ಇದರ ನೆರೆಯ ಮಾತೇ. ಹಾಗೆ ನೋಡಿದರೆ ಮೈಕು, ಕುರ್ಚಿ, ನಡಾವಳಿ ಪುಸ್ತಕಗಳ ವಿಚಾರಣೆಯು ಮಧ್ಯಮ ವರ್ಗಕ್ಕೆ ಹೊಂದುವ ಬಾಗಿಲು. ಈ ವಾದದಲ್ಲಿ ಹುರುಳಿದೆ. ಆದರೆ 2020ರ ಸೆಪ್ಟೆಂಬರ್‌ನಿಂದ ನಗರದಲ್ಲಿ ಚುನಾಯಿತ ಕಾರ್ಪೊರೇಟರೇ ಇಲ್ಲದ ಸ್ಥಿತಿ ಬಂದಾಗ ಆ ಇನ್ನೊಂದು ಬಾಗಿಲೂ ಮುಚ್ಚಿಹೋಯಿತು ಎಂಬುದನ್ನು ಅದು ಮುಂಗಂಡಿರಲಿಲ್ಲ.

ವಿದ್ಯುತ್ ಮತ್ತು ಮೆಟ್ರೊ: ಒಂದೇ ಊರಿನ ಎರಡು ವಿಧಾನ

ಎಲ್ಲ ವಾದಗಳನ್ನೂ ಒರೆಗೆ ಹಚ್ಚಲು ಎರಡು ದರಗಳ ಕಥೆ ಸಾಕು. ಕೆ.ಆರ್. ಪುರದಲ್ಲಿ ಮನೆ, ಎಂ.ಜಿ. ರಸ್ತೆಯಲ್ಲಿ ಕೆಲಸ ಇರುವವರಿಗೆ ತಿಂಗಳ ಖರ್ಚಿನಲ್ಲಿ ಎರಡೂ ಬರುತ್ತವೆ.

2003ರ ವಿದ್ಯುಚ್ಛಕ್ತಿ ಕಾಯ್ದೆಯ 64ನೇ ಸೆಕ್ಷನ್ ಪ್ರಕಾರ ದರದ ಅರ್ಜಿಯ ಸಾರಾಂಶ ಪ್ರಕಟವಾಗಬೇಕು, ಜನರ ಸಲಹೆ ಮತ್ತು ಆಕ್ಷೇಪಣೆ ಪರಿಗಣಿಸಿ 120 ದಿನದೊಳಗೆ ಆದೇಶ ಬರಬೇಕು. ಕುತೂಹಲದ ಸಂಗತಿಯೆಂದರೆ, ಜನರನ್ನು ಎದುರಿಗೆ ನಿಲ್ಲಿಸಿ ಮಾತು ಕೇಳಬೇಕು ಎಂದು ಈ ಸೆಕ್ಷನ್ ಹೇಳುವುದಿಲ್ಲ. ಅದು ಆಯೋಗಗಳ ಸ್ವಂತ ನಿಬಂಧನೆಗಳಿಂದ, ರೂಢಿಯಿಂದ ಬಂದ ಪದ್ಧತಿ. ರಾಜ್ಯದ ಆಯೋಗ 1999ರ ಸುಧಾರಣಾ ಕಾಯ್ದೆಯಿಂದ ಹುಟ್ಟಿತು. ವಿತರಣಾ ಕಂಪನಿಗಳ ವಿಚಾರಣೆಗೆ ಅದು ಬೆಂಗಳೂರಿನಾಚೆಗೂ ಹೋಗುತ್ತದೆ. ಆದೇಶವನ್ನು ತೆರೆದರೆ ಒಂದು ಭಾಗ ವಿಶೇಷವಾಗಿ ಕಾಣುತ್ತದೆ: ಆಕ್ಷೇಪಣೆ ಏನು, ಕಂಪನಿಯ ಉತ್ತರ ಏನು, ಆಯೋಗದ ಅಭಿಪ್ರಾಯ ಏನು ಎಂದು ವಿಷಯವಾರು ಬರೆದಿರುತ್ತಾರೆ. ಎಷ್ಟೋ ಉತ್ತರಗಳು ಒಂದೇ ಸಾಲಿನವು. ‘ಗಮನಿಸಲಾಗಿದೆ’ ಎಂಬಲ್ಲಿಗೆ ನಿಲ್ಲುವವೂ ಇವೆ. ಆದರೂ ಆ ಸಾಲು ಅಲ್ಲಿ ಇದೆ. ಒಪ್ಪದವರು ಅದನ್ನು ಹಿಡಿದು ದೆಹಲಿಯ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು, ಮುಂದಿನ ವಿಚಾರಣೆಯಲ್ಲಿ ‘ಹೋದ ಸಲ ನೀವೇ ಹೀಗೆ ಬರೆದಿದ್ದಿರಿ’ ಎಂದು ಎತ್ತಿ ತೋರಿಸಬಹುದು. ಸಂಶೋಧಕರಾದ ನವರೋಜ್ ದುಬಾಷ್ ಮತ್ತು ನರಸಿಂಹ ರಾವ್ 2007ರಲ್ಲಿ ಆಂಧ್ರ, ಕರ್ನಾಟಕ, ದೆಹಲಿಗಳ ವಿದ್ಯುತ್ ಆಯೋಗಗಳ ಮೇಲೆ ಬರೆದ ಪುಸ್ತಕ ಇಂಥ ವಿಧಾನಗಳನ್ನು ಹತ್ತಿರದಿಂದ ನೋಡಿತು. ವಿಧಾನಗಳು ಫಲಿತಾಂಶವನ್ನು ಕೂಡಲೇ ಬದಲಿಸದಿದ್ದರೂ ಜನರಿಗೆ ಕಾಲೂರಲು ಒಂದು ಜಾಗ ಕೊಡುತ್ತವೆ ಎಂಬ ತಿಳಿವಳಿಕೆ ಅಂಥ ಅಧ್ಯಯನಗಳಿಂದ ಬಲಗೊಂಡಿತು.

ಮೆಟ್ರೊ ದರದ್ದು ಬೇರೆ ಹಾದಿ. 2002ರ ಮೆಟ್ರೊ ರೈಲು ಕಾಯ್ದೆಯಂತೆ ದರ ನಿಗದಿ ಸಮಿತಿ ರಚನೆಯಾಗುತ್ತದೆ, ಅದರ ಶಿಫಾರಸು ನಿಗಮಕ್ಕೆ ಕಡ್ಡಾಯ. ನಿವೃತ್ತ ನ್ಯಾಯಮೂರ್ತಿ ಆರ್. ತಾರಣಿ ಅವರ ಸಮಿತಿ 2024ರ ಅಕ್ಟೋಬರ್‌ನಲ್ಲಿ ಪ್ರಯಾಣಿಕರ ಅಭಿಪ್ರಾಯವನ್ನು ಬರಹದಲ್ಲಿ ಕೇಳಿತು. 2025ರ ಫೆಬ್ರುವರಿ 9ರಂದು ಹೊಸ ದರ ಜಾರಿಗೆ ಬಂತು. ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತು, ಕೆಲವು ನಿಲ್ದಾಣಗಳ ನಡುವೆ ದುಪ್ಪಟ್ಟಿನ ಹತ್ತಿರ ಹೋಯಿತು. ಜನ ರೊಚ್ಚಿಗೆದ್ದ ಮೇಲೆ ಐದೇ ದಿನದಲ್ಲಿ ಏರಿಕೆಯನ್ನು ಶೇ 71ಕ್ಕೆ ಮಿತಿಗೊಳಿಸಲಾಯಿತು. ಸಮಿತಿ ಯಾವ ಲೆಕ್ಕದ ಮೇಲೆ ಈ ದರಕ್ಕೆ ಬಂತು, ಪತ್ರ ಬರೆದವರ ಮಾತಿಗೆ ಏನು ಉತ್ತರ ಎಂದು ತಿಳಿಯಲು ವರದಿ ಬೇಕಿತ್ತು. ಅದು ಪ್ರಕಟವಾಗಿದ್ದು ತಿಂಗಳುಗಳ ನಂತರ, ಸಂಸದ ತೇಜಸ್ವಿ ಸೂರ್ಯ ಹೈಕೋರ್ಟ್ ಮೆಟ್ಟಿಲೇರಿದ ಮೇಲೆ, 2025ರ ಸೆಪ್ಟೆಂಬರ್‌ನಲ್ಲಿ.

ಎರಡನ್ನೂ ಪಕ್ಕಪಕ್ಕ ಇಟ್ಟರೆ ಒಂದು ಮಾತು ಸ್ಪಷ್ಟವಾಗುತ್ತದೆ. ಎರಡೂ ಕಡೆ ದರ ಏರಿತು, ಎರಡೂ ಕಡೆ ಜನ ಮುನಿದರು. ಆದರೆ ವಿದ್ಯುತ್ತಿನಲ್ಲಿ ಪ್ರಶ್ನೆ ಕೇಳಿದವರಿಗೆ ಬರಹದಲ್ಲಿ ಉತ್ತರ ಸಿಕ್ಕಿತು, ಮೆಟ್ರೊದಲ್ಲಿ ಉತ್ತರವನ್ನು ನ್ಯಾಯಾಲಯದ ಮೂಲಕ ಹುಡುಕಬೇಕಾಯಿತು. ವಿಚಾರಣೆಯ ಬೆಲೆ ಇರುವುದು ಮೈಕಿನ ಮುಂದೆ ನಿಂತ ಐದು ನಿಮಿಷಕ್ಕಿಂತ ಹೆಚ್ಚಾಗಿ ಅದರ ನಂತರ ಬರುವ, ಕಾರಣ ಬರೆದ ಆ ಪುಟಗಳಲ್ಲಿ.

ಎಷ್ಟು ಜನ ಎಂಬುದರ ತೂಕ

ಆಕ್ಷೇಪಣೆಗಳನ್ನು ಎಣಿಸಬೇಕೋ, ತೂಗಬೇಕೋ? 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಉಕ್ಕಿನ ಮೇಲ್ಸೇತುವೆಗೆ ಜನಬೆಂಬಲ ಇದೆ ಎನ್ನಲು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ತೋರಿಸಿದ್ದು ಸುಮಾರು 300 ಪ್ರತಿಕ್ರಿಯೆಗಳನ್ನು. ಬಹುಪಾಲು ಪರವಾಗಿದ್ದವು ಎಂದಿತು. ಅಕ್ಟೋಬರ್ 16ರಂದು ಸಾವಿರಾರು ಜನ ಬೀದಿಯಲ್ಲಿ ಕೈ ಕೈ ಹಿಡಿದು ಸರಪಳಿ ಕಟ್ಟಿದರು. 2017ರ ಮಾರ್ಚ್‌ನಲ್ಲಿ ಯೋಜನೆ ಕೈಬಿಡಲಾಯಿತು. ಇದು ನಿಯಮವಲ್ಲ, ಕಾಮಗಾರಿ. ಆದರೆ ಅಭಿಪ್ರಾಯ ಸಂಗ್ರಹದ ಲೆಕ್ಕ ಎಷ್ಟು ಟೊಳ್ಳಾಗಬಹುದು ಎಂದು ಬೆಂಗಳೂರು ಕಲಿತ ಪಾಠ ಅದು.

ಇನ್ನೊಂದು ತುದಿಯಲ್ಲಿ 2015ರ ಅಂತರ್ಜಾಲ ಸಮಾನತೆಯ (ನೆಟ್ ನ್ಯೂಟ್ರಾಲಿಟಿ) ಚರ್ಚೆ ಇದೆ. ಟ್ರಾಯ್‌ಗೆ 10 ಲಕ್ಷಕ್ಕೂ ಹೆಚ್ಚು ಇಮೇಲ್ ಹೋದವು, ಬಹಳಷ್ಟು ಒಂದೇ ಅಚ್ಚಿನವು. ಕೆಲ ತಿಂಗಳ ನಂತರ ಫೇಸ್‌ಬುಕ್ ತನ್ನ ಬಳಕೆದಾರರಿಂದ ಅಚ್ಚು ಪತ್ರಗಳನ್ನು ಕಳಿಸಿದಾಗ, ಕೇಳಿದ ಪ್ರಶ್ನೆಗೆ ಅವು ಉತ್ತರವಲ್ಲ ಎಂದು ಟ್ರಾಯ್ ತಕರಾರು ತೆಗೆಯಿತು.

2025ರ ಜೂನ್‌ನಲ್ಲಿ ಕಂಟೋನ್ಮೆಂಟ್ ರೈಲ್ವೆ ಕಾಲೊನಿಯ 368 ಮರಗಳನ್ನು ಕಡಿಯುವ ಪ್ರಸ್ತಾಪಕ್ಕೆ ಬಿಬಿಎಂಪಿ ಅರಣ್ಯ ವಿಭಾಗ ಆಕ್ಷೇಪಣೆ ಕರೆದಾಗಲೂ ದೊಡ್ಡ ಸಂಖ್ಯೆಯಲ್ಲಿ ಜನ ಬರೆದರು. ಕೆಲ ತಿಂಗಳಲ್ಲಿ ರಾಜ್ಯ ಸರ್ಕಾರವೇ ಆ ಜಾಗವನ್ನು ಜೀವವೈವಿಧ್ಯ ಪಾರಂಪರಿಕ ತಾಣವಾಗಿಸುವ ಹೆಜ್ಜೆ ಇಟ್ಟಿತು. ನಿರ್ಧಾರ ಬದಲಿಸಿದ್ದು ಸಂಖ್ಯೆಯೋ, ಮರಗಳ ಬಗ್ಗೆ ಜನ ಕೊಟ್ಟ ವಿವರವೋ, ರಾಜಕೀಯವೋ ಎಂದು ಬಿಡಿಸಿ ಹೇಳುವುದು ಸುಲಭವಲ್ಲ.

ಯಾವ ಭಾಷೆಯಲ್ಲಿ ಕೇಳಿದರು?

2020ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಪರಿಸರ ಪರಿಣಾಮ ಮೌಲ್ಯಮಾಪನದ ಹೊಸ ಕರಡು ಅಧಿಸೂಚನೆ ಹೊರಡಿಸಿತು. ಯಾವ ಯೋಜನೆಗೆ ಸಾರ್ವಜನಿಕ ವಿಚಾರಣೆ ಬೇಕು, ಯಾವುದಕ್ಕೆ ಬೇಡ ಎಂಬುದೇ ಅದರ ವಸ್ತುಗಳಲ್ಲೊಂದು. ಆ ಕರಡಿಗೆ ಪ್ರಚಾರ ಸಿಕ್ಕಿದ್ದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ, ಕೋವಿಡ್ ಲಾಕ್‌ಡೌನ್ ನಡುವೆ. ದೆಹಲಿ ಹೈಕೋರ್ಟ್ ಜೂನ್ 30ರಂದು ಆಕ್ಷೇಪಣೆಯ ಗಡುವನ್ನು ಆಗಸ್ಟ್ 11ರವರೆಗೆ ವಿಸ್ತರಿಸಿ, ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಿಗೆ ಅನುವಾದಿಸಲು ಹೇಳಿತು. ಕರ್ನಾಟಕ ಹೈಕೋರ್ಟ್‌ನಲ್ಲಿ ಆಗಿನ ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರ ಪೀಠ, ಸ್ಥಳೀಯ ಭಾಷೆಗಳಲ್ಲಿ ಸಾಕಷ್ಟು ಪ್ರಚಾರ ಇಲ್ಲದಿರುವುದನ್ನು ಗಮನಿಸಿ ಆಗಸ್ಟ್ 5ರಂದು ಅಂತಿಮ ಅಧಿಸೂಚನೆಗೆ ತಾತ್ಕಾಲಿಕ ತಡೆ ಕೊಟ್ಟಿತು. ಕೊಡಗಿನ ತೋಟದವರಿಗೆ, ಬಳ್ಳಾರಿಯ ಗಣಿ ಊರಿನವರಿಗೆ ಓದಲಾಗದ ಕರಡಿನ ಮೇಲೆ ಅವರ ಅಭಿಪ್ರಾಯ ಕೇಳಿದೆವು ಎನ್ನುವುದಕ್ಕೆ ಅರ್ಥವಿಲ್ಲ.

ಹಳೆಯ ತೀರ್ಪುಗಳು ಮಾತ್ರ ಒಂದೇ ದಿಕ್ಕು ತೋರಿಸುವುದಿಲ್ಲ. ಉತ್ತರ ಪ್ರದೇಶದ ರಾಂಪುರದ ಪುರಸಭೆ ತನ್ನ ತೆರಿಗೆ ಪ್ರಸ್ತಾಪವನ್ನು ಹಿಂದಿಯಲ್ಲೇ, ಆದರೆ ಉರ್ದು ಪತ್ರಿಕೆಯೊಂದರಲ್ಲಿ ಹಾಕಿಸಿತ್ತು. ಪ್ರಕಟಿಸುವುದು ಕಡ್ಡಾಯ, ಯಾವ ಪತ್ರಿಕೆ ಎಂಬುದು ಅಷ್ಟು ಕಟ್ಟುನಿಟ್ಟಲ್ಲ ಎಂದಿತು 1960ರ ದಶಕದಲ್ಲಿ ಸುಪ್ರೀಂ ಕೋರ್ಟ್. 1975ರಲ್ಲಿ ಗುಜರಾತಿನ ಕೃಷಿ ಮಾರುಕಟ್ಟೆ ಪ್ರಕರಣದಲ್ಲಿ, ಗುಜರಾತಿ ಪತ್ರಿಕೆಯಲ್ಲಿ ಗುಜರಾತಿಯಲ್ಲಿ ಪ್ರಕಟವಾಗಲೇಬೇಕಿತ್ತು ಎಂದಿತು. ಕನ್ನಡ, ತಮಿಳು, ಉರ್ದು, ತೆಲುಗು ಒಂದೇ ಬೀದಿಯಲ್ಲಿ ಕೇಳಿಸುವ ಶಿವಾಜಿನಗರದಲ್ಲಿ ಈ ಪ್ರಶ್ನೆ ಇನ್ನೂ ಜಟಿಲ. ಕನ್ನಡದಲ್ಲಿ ಕರಡು ಬರಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಸರಳ ಕನ್ನಡದಲ್ಲಿ ಒಂದು ಪುಟದ ಸಾರಾಂಶ, ಪಡಸಾಲೆಯಲ್ಲೋ ವಾರ್ಡ್ ಕಚೇರಿಯಲ್ಲೋ ಬಾಯಿಮಾತಿನ ವಿವರಣೆ ಸಿಕ್ಕರೆ ಹೆಚ್ಚಿನವರಿಗೆ ಅದು ತಲುಪೀತು.

ವಿಚಾರಣೆ ಬೇಡ ಎನ್ನುವವರ ಮಾತು

ಆಡಳಿತದ ಕಡೆಯವರ ವಾದವನ್ನೂ ಗಂಭೀರವಾಗಿ ಕೇಳಬೇಕು. ಅಮೆರಿಕದಲ್ಲಿ ಎಪ್ಪತ್ತು–ಎಂಬತ್ತರ ದಶಕಗಳಲ್ಲಿ ನ್ಯಾಯಾಲಯಗಳು ಮುಖ್ಯ ಆಕ್ಷೇಪಣೆಗಳಿಗೆಲ್ಲ ಉತ್ತರ ಬೇಕೆಂದು ಬಿಗಿಹಿಡಿದಾಗ, ನಿಯಮ ಮಾಡುವುದೇ ವರ್ಷಗಟ್ಟಲೆ ಹಿಡಿಯುವ ಕೆಲಸವಾಯಿತು ಎಂದು ಅಲ್ಲಿನ ಆಡಳಿತ ಕಾನೂನಿನ ವಿದ್ವಾಂಸರೇ ಬರೆದಿದ್ದಾರೆ. ಸಂಸ್ಥೆಗಳು ನಿಯಮ ಬಿಟ್ಟು ಮಾರ್ಗಸೂಚಿಯ ದಾರಿ ಹಿಡಿದವು. ವಿಧಾನ ಬಿಗಿಯಾದಷ್ಟೂ ತಪ್ಪಿಸಿಕೊಳ್ಳುವ ಆಸೆ ಹೆಚ್ಚುತ್ತದೆ. ಇಲ್ಲಿನ ಸುತ್ತೋಲೆಗಳ ಸಂತೆಗೂ ಅದೇ ಕಾರಣ ಇರಬಹುದು. ಅಭಿಪ್ರಾಯ ಕೇಳುತ್ತ ಕೂತರೆ ಬೆಂಗಳೂರಿನಲ್ಲಿ ಏನೂ ಆಗುವುದಿಲ್ಲ ಎಂಬ ಅಧಿಕಾರಿಗಳ ಬೇಸರದಲ್ಲೂ ಸ್ವಲ್ಪ ಸತ್ಯ ಇದೆ. ಆದರೆ ಮಾಸ್ಟರ್ ಪ್ಲಾನ್ ಇಷ್ಟು ಹಳೆಯದಾಗಿದ್ದಕ್ಕೆ ಜನ ಮಾತಾಡಿದ ಅರವತ್ತು ದಿನಗಳು ಕಾರಣ ಎನ್ನಲಾಗದು.

ಇನ್ನೂ ಬಗೆಹರಿಯದ್ದು

2025ರ ಸೆಪ್ಟೆಂಬರ್ 2ರಿಂದ ಬಿಬಿಎಂಪಿಯ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ನಗರ ಪಾಲಿಕೆಗಳು ಬಂದಿವೆ. ಇದಕ್ಕೆ ದಾರಿ ಮಾಡಿದ ಮಸೂದೆಯನ್ನು ಪರಿಶೀಲಿಸಿದ ಜಂಟಿ ಸದನ ಸಮಿತಿಗೆ ಶಿವಾಜಿನಗರದ ಶಾಸಕ ರಿಜ್ವಾನ್ ಅರ್ಷದ್ ಅಧ್ಯಕ್ಷರಾಗಿದ್ದರು. ಸಮಿತಿ ನಾಗರಿಕರ ಸಭೆಗಳಲ್ಲೂ ಅಭಿಪ್ರಾಯ ಕೇಳಿತು. ಕಾಯ್ದೆಗೆ ಸಿಕ್ಕ ಆ ಚರ್ಚೆ, ಅದರ ಅಡಿಯಲ್ಲಿ ಬರುವ ಬೈಲಾಗಳಿಗೂ ಸಿಗುತ್ತದೆಯೇ? ಕಸ, ಪಾರ್ಕಿಂಗ್, ಜಾಹೀರಾತು ಫಲಕ, ಬೀದಿ ವ್ಯಾಪಾರ, ಪಿ.ಜಿ. ಪರವಾನಗಿಗೆ ಐದು ಪಾಲಿಕೆಗಳು ಐದು ವಿಧಾನ ಅನುಸರಿಸಬಹುದೇ, ರಾಜ್ಯಕ್ಕೆಲ್ಲ ಅನ್ವಯಿಸುವ ಒಂದು ಕಾನೂನು ಬೇಕೇ? ಇದಕ್ಕೆ ತಜ್ಞರಲ್ಲೂ ಒಮ್ಮತವಿಲ್ಲ. ಒಂದೇ ಅಳತೆ ಹಾಕಿದರೆ ಸಣ್ಣ ಬೈಲಾವೂ ದೊಡ್ಡ ನಿಯಮದಷ್ಟೇ ಭಾರವಾಗುತ್ತದೆ ಎನ್ನುವವರಿದ್ದಾರೆ. ಅಳತೆಯೇ ಇಲ್ಲದಿದ್ದರೆ ಸುತ್ತೋಲೆಯೇ ಆಳುತ್ತದೆ ಎನ್ನುವವರೂ ಇದ್ದಾರೆ.

‘ಪರಿಗಣಿಸುವುದು’ ಎಂದರೆ ಎಷ್ಟು ಎಂಬುದೂ ತೀರ್ಮಾನವಾಗಿಲ್ಲ. ಟ್ರಾಯ್ ಪ್ರಕರಣದ ತೀರ್ಪು ಕಾರಣ ಬೇಕೆಂದಿತು, 1897ರ ಕಾಯ್ದೆ ರಾಜ್ಯಪತ್ರವೇ ಸಾಕ್ಷ್ಯ ಎನ್ನುತ್ತದೆ. ಈ ಎರಡರ ನಡುವಿನ ಬಿರುಕು ಹಾಗೇ ಇದೆ. ಆರು ಸಾವಿರ ಆಕ್ಷೇಪಣೆ ಬಂದಲ್ಲಿ ಪ್ರತಿಯೊಂದಕ್ಕೂ ಉತ್ತರ ಸಾಧ್ಯವೇ, ಗುಂಪು ಮಾಡಿ ಉತ್ತರಿಸಿದರೆ ಸಾಕೇ, ಕೃತಕ ಬುದ್ಧಿಮತ್ತೆಯಿಂದ ನಿಮಿಷಕ್ಕೆ ನೂರು ಪತ್ರ ಹುಟ್ಟುವ ಕಾಲದಲ್ಲಿ ನಿಜವಾದ ದನಿಯನ್ನು ಹೇಗೆ ಗುರುತಿಸುವುದು ಎಂಬುದಕ್ಕೆ ಯಾವ ದೇಶದಲ್ಲೂ ಗಟ್ಟಿ ಉತ್ತರವಿಲ್ಲ. ಬಾಡಿಗೆದಾರರ, ವಲಸೆ ಕಾರ್ಮಿಕರ ಪರವಾಗಿ ಮಾತಾಡಲು ಸಂಬಳ ಪಡೆಯುವ ಪ್ರತಿನಿಧಿಯನ್ನು ಸರ್ಕಾರವೇ ನೇಮಿಸಬೇಕೇ, ನೇಮಿಸಿದರೆ ಆತ ಯಾರಿಗೆ ಉತ್ತರದಾಯಿ ಎಂಬುದು ಇನ್ನೊಂದು. ಸದ್ಯಕ್ಕೆ ಹಾಗೆ ಅವರ ಪರ ನಿಲ್ಲುವ ಹುದ್ದೆ ಐದು ಪಾಲಿಕೆಗಳಲ್ಲಿ ಯಾವುದರಲ್ಲೂ ಕಾಣದು.